ಒಲೆಗೊಂದು ಎಲೆ

ಬೊಂಬಾಯಿ
3 ಫೆಬ್ರವರಿ 1974

ಪ್ರೀತಿಯ ನೀಲಾ,

ನಿನ್ನೆ ಬೆಳಗ್ಗೆ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆಯುಬ್ಬರ ಬಂದೀತು. ಮಾಮೂಗೆ ಹೇಳಿದೆ. ದಿನಾ ನಡೆಯುವುದೇ ತಾನೆ, ಅದರಲ್ಲೇನಿದೆ ಎಂದು ಚಹಾ ಹೀರಿದರು. ಇನ್ನು ಉಳಿದವಳು ನೀನೊಬ್ಬಳು.

ನಮ್ಮ ಕಾರ್ಮಿಕ ಕಲ್ಯಾಣದ ತರಗತಿಯವರನ್ನು ಒಂದು ಬಟ್ಟೆ ಗಿರಣಿಯ ಗೇಟಿನ ಮುಂದೆ ನಿಲ್ಲಿಸಿದ್ದರು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಸೈರನ್ ಕೂಗಿತು ನೋಡು, ನಾಲ್ಕೂ ಬೀದಿಗಳಿಂದ ಜನ! ನಮ್ಮ ಹುಣಸೂರಿನ ಸಂತೆಯನ್ನು ಹತ್ತು ಸಲ ಒಟ್ಟಿಗೆ ಸೇರಿಸಿದರೂ ಅಷ್ಟು ಜನ ಆಗಲಾರರು. ಯಾರೂ ಅವರನ್ನು ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಬುತ್ತಿ ಹಿಡಿದು ಅವರಷ್ಟಕ್ಕೆ ಅವರೇ ಓಡೋಡಿ ಬಂದು ಆ ಗೇಟಿನೊಳಗೆ ಕರಗಿಹೋದರು. ನನಗೆ ಮೈ ಜುಮ್ಮೆಂದಿತು. ಇಷ್ಟು ಜನರನ್ನು ಹಾಸಿಗೆಯಿಂದ ಎಬ್ಬಿಸಿ ತರುವುದು ಯಾವುದು? ನಮ್ಮ ಓದೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಇದೆ ಕಣೇ.

ಮೊದಲು ನಮಗೆ ಹೇಳಿಕೊಟ್ಟದ್ದು ಮೆಟ್ಟಿಲಿನ ವಾದ. ಮನುಷ್ಯನ ಬೇಕುಗಳಿಗೆ ಐದು ಮೆಟ್ಟಿಲುಗಳಿವೆ. ಕೆಳಗಿನದು ಹಸಿವು, ನಿದ್ರೆ. ಅದರ ಮೇಲೆ ನಾಳೆಯ ಭಯ ಇಲ್ಲದಿರುವುದು. ಮೂರನೆಯದು ನಾಲ್ಕು ಜನರ ಒಡನಾಟ, ನಾಲ್ಕನೆಯದು ಮರ್ಯಾದೆ. ತುತ್ತತುದಿಯಲ್ಲಿ ತನ್ನೊಳಗೆ ಏನಿದೆಯೋ ಅದೆಲ್ಲ ಅರಳುವುದು. ಕೆಳಗಿನದು ತುಂಬಿದ ಮೇಲೆ ಮೇಲಿನದು ಕರೆಯುತ್ತದಂತೆ. ಎಷ್ಟು ಚೆಂದ ಅಲ್ಲವೇ?

ಇಂಥ ವಾದಗಳನ್ನೆಲ್ಲ ಹೋಲಿಸಿ ನಾನೊಂದು ಪ್ರಬಂಧ ಬರೆಯಬೇಕು. ನಿನ್ನ ಕೈಕೆಳಗೆ ನಿಜವಾದ ಕೆಲಸಗಾರರಿದ್ದಾರೆ. ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ಕಾಪಿ ಹೊಡೆದ ಋಣ ತೀರಿಸು. ಅವರು ಯಾವ ಮೆಟ್ಟಿಲಲ್ಲಿದ್ದಾರೆ ನೋಡಿ ಬರೆ.

ನಿನ್ನ
ಫಹ್ಮೀದಾ

*

ಹೆಗ್ಗಡದೇವನಕೋಟೆ
16 ಫೆಬ್ರವರಿ 1974

ಫಹ್ಮೀ,

ಕಾಪಿ ಹೊಡೆದವಳು ನೀನು. ಇರಲಿ.

ಸೈರನ್ ಕೂಗಿದರೆ ಜನ ಓಡಿಬರುತ್ತಾರೆಂದು ಬರೆದೆಯಲ್ಲ, ಆ ಸೈರನ್ ಎಷ್ಟಕ್ಕೆ ಸಿಗುತ್ತದೆ ವಿಚಾರಿಸು. ನಮ್ಮ ಬಿದಿರು ಕೇಂದ್ರಕ್ಕೆ ಒಂದು ಬೇಕು. ಇಲ್ಲಿ ಬೆಳಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆದು, ಕಸ ಗುಡಿಸಿ, ನೀರು ತುಂಬಿಸಿ, ಕಾಡುಜನರ ಹಾಡಿಯ ದಾರಿ ನೋಡುತ್ತಾ ನಿಲ್ಲುತ್ತೇನೆ. ಬಿಸಿಲು ಬಲಿತ ಮೇಲೆ ಹಾಡಿಯ ಹಿರಿಯಳು ಕೆಂಚಜ್ಜಿ ಮುಂದೆ, ಹೆಂಗಸರು ಗಂಡಸರು ಅವಳ ಹಿಂದೆ, ಕಾಡಿನಂಚಿನಿಂದ ನಗಾಡುತ್ತಾ ಬರುತ್ತಾರೆ. "ಯಾಕೆ ಇಷ್ಟು ಹೊತ್ತು?" ಅಂದರೆ ಕೆಂಚಜ್ಜಿ, "ಒತ್ತು ಎಲ್ಲಿಗೂ ಓಡೋಗಾಕಿಲ್ಲ ಬುಡಿ ಅಮ್ಮಾವ್ರೆ" ಅನ್ನುತ್ತಾಳೆ. ನಿನ್ನ ಮೆಟ್ಟಿಲಲ್ಲಿ ಇವಳನ್ನು ಎಲ್ಲಿ ಕೂರಿಸುತ್ತೀಯೋ ಕೂರಿಸು.

ಆದರೆ ಕೂತು ಕೆಲಸ ಹಿಡಿದರೆ ಮಾತ್ರ ನಾನು ನನ್ನ ಕೆಲಸ ಮರೆತು ನೋಡುತ್ತೇನೆ. ಈಗ ಮಾಡುತ್ತಿರುವುದು ಚಂದ್ರಂಕಿ. ಗೊತ್ತಲ್ಲ, ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಡಿಕೆ. ತಡಿಕೆಯ ಮೇಲೆ ಬಿದಿರಿನ ತೆಳು ಪಟ್ಟಿಯನ್ನು ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಬೇಕು. ಮುತ್ತಿ ಅಂತ ಒಬ್ಬಳಿದ್ದಾಳೆ, ನಮ್ಮ ವಯಸ್ಸಿನವಳು. ಅವಳು ಪಟ್ಟಿ ಸುತ್ತುವಾಗ ಕಣ್ಣು ಬೇರೆಲ್ಲೋ ಇರುತ್ತದೆ, ಬಾಯಿ ಪಕ್ಕದವಳ ಗಂಡನನ್ನು ಆಡಿಕೊಳ್ಳುತ್ತಿರುತ್ತದೆ, ಕೈ ಮಾತ್ರ ತಪ್ಪುವುದಿಲ್ಲ. ಆ ಸುರುಳಿ ಬೆಳೆಯುವುದನ್ನು ನೋಡುತ್ತಿದ್ದರೆ ಅದು ತಾನಾಗಿಯೇ ಬೆಳೆಯುತ್ತಿದೆ ಅನ್ನಿಸುತ್ತದೆ.

ಈಗ ಕೆಟ್ಟ ಸುದ್ದಿ. ರೇಷ್ಮೆ ಫಾರಂನವರು ಐನೂರು ಚಂದ್ರಂಕಿ ಕೇಳಿದ್ದಾರೆ. ಮೇ ಕೊನೆಯೊಳಗೆ ಕೊಡದಿದ್ದರೆ ಕೇಂದ್ರವನ್ನೇ ಮುಚ್ಚುವುದಾಗಿ ಇಲಾಖೆಯಿಂದ ಪುಟ್ಟಸ್ವಾಮಿ ಸಾಹೇಬರು ಬರೆದಿದ್ದಾರೆ. ಮುಚ್ಚಿದರೆ ನಾನೆಲ್ಲಿಗೆ ಹೋಗಬೇಕು, ನಿನಗೆ ಗೊತ್ತು. ನಮ್ಮ ಮನೆಯವರು ತೀರಿಕೊಂಡ ಮೇಲೆ ಸಾಲಿಗ್ರಾಮದಲ್ಲಿ ಮಂಟಯ್ಯಣ್ಣನ ಮನೆಯಲ್ಲಿ ಎರಡು ವರ್ಷ ಇದ್ದೆನಲ್ಲ. ಅಣ್ಣ ಕೆಟ್ಟವನಲ್ಲ. ಆದರೂ ಆ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ ಕಾಸಿಕೊಳ್ಳಲು ಅತ್ತಿಗೆಯ ಮುಖ ನೋಡಬೇಕಿತ್ತು. ಇಲ್ಲಿ ಒಂದೇ ಕೋಣೆ, ಒಂದೇ ಒಲೆ. ಆದರೆ ನನ್ನದು. ಹಚ್ಚಿದರೆ ಹಚ್ಚಿದೆ, ಇಲ್ಲದಿದ್ದರೆ ಇಲ್ಲ. ಅದನ್ನು ಬಿಟ್ಟು ನಾನು ಹೋಗಲಾರೆ ಫಹ್ಮೀ.

ಇದನ್ನು ಹಾಡಿಯವರಿಗೆ ಹೇಳಿಲ್ಲ. ಮೇಲ್ವಿಚಾರಕಿ ಹೆದರಿದ್ದಾಳೆ ಎಂದು ತಿಳಿದರೆ ಯಾರು ಮಾತು ಕೇಳುತ್ತಾರೆ? ನಿನ್ನ ಪುಸ್ತಕದಲ್ಲಿ ಏನಾದರೂ ಉಪಾಯವಿದ್ದರೆ ಬೇಗ ಕಳಿಸು.

ನೀಲಾಂಬಿಕೆ

*

ಬೊಂಬಾಯಿ
1 ಮಾರ್ಚ್ 1974

ಪ್ರೀತಿಯ ನೀಲಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನ ಒಲೆ ಎಲ್ಲಿಗೂ ಹೋಗುವುದಿಲ್ಲ, ನಾನಿದ್ದೇನೆ. ನಾನಿಲ್ಲದಿದ್ದರೂ ನನ್ನ ಪುಸ್ತಕಗಳಿವೆ.

ಈ ವಾರ ಓದಿದ್ದು ಎರಡು ಗಂಟುಗಳ ವಾದ. ಮೆಟ್ಟಿಲಿನ ವಾದಕ್ಕಿಂತ ಇದು ನಿನಗೆ ಹೆಚ್ಚು ಉಪಯೋಗ. ಇದರ ಪ್ರಕಾರ ಸಂಬಳ, ನೆರಳು, ಕುಡಿಯುವ ನೀರು, ಮೇಲಿನವರ ನಡತೆ ಇವೆಲ್ಲ ಒಂದು ಗಂಟು. ಇವು ಇಲ್ಲದಿದ್ದರೆ ಜನ ಗೊಣಗುತ್ತಾರೆ. ಇದ್ದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೇ. ಅದರಿಂದ ಹುರುಪು ಹುಟ್ಟುವುದಿಲ್ಲ. ಹುರುಪು ಇರುವುದು ಇನ್ನೊಂದು ಗಂಟಿನಲ್ಲಿ: ಮಾಡಿದ ಕೆಲಸಕ್ಕೆ ಮನ್ನಣೆ, ಜವಾಬ್ದಾರಿ, ಕೆಲಸದಲ್ಲೇ ಸಿಗುವ ಸಂತೋಷ. ಮೆಟ್ಟಿಲಿನವರು ಹೊಟ್ಟೆಯಿಂದ ಶುರುಮಾಡಿ ಹತ್ತಿಸುತ್ತಾರೆ. ಗಂಟಿನವರು ಹೊಟ್ಟೆಯ ಮಾತನ್ನೇ ಬದಿಗಿಡು ಅನ್ನುತ್ತಾರೆ.

ನೀನು ನೀರು ತುಂಬಿಸಿಡುತ್ತೀಯ, ಶೆಡ್ಡು ಗುಡಿಸುತ್ತೀಯ. ಅದೆಲ್ಲ ಮೊದಲನೇ ಗಂಟು. ಮುತ್ತಿಗೆ ನೀನು ಮನ್ನಣೆ ಕೊಟ್ಟಿದ್ದೀಯಾ? ಎಲ್ಲರೆದುರು ಅವಳನ್ನು ನಿಲ್ಲಿಸಿ, ಇಡೀ ಕೇಂದ್ರಕ್ಕೆ ಇವಳೇ ಮೊದಲಿಗಳು ಎಂದು ಹೇಳಿ ಒಂದು ಒಳ್ಳೆಯ ಬಹುಮಾನ ಕೊಡು. ಅವಳನ್ನು ನೋಡಿ ಉಳಿದವರ ಕೈಯೂ ಚುರುಕಾಗುತ್ತದೆ. ನೋಡುತ್ತಿರು.

ಏನಾಯಿತೆಂದು ಚಾಚೂ ತಪ್ಪದೆ ಬರೆ. ಎಂಥ ಅದ್ಭುತ ನೀಲಾ, ಇಲ್ಲಿ ಕೂತು ಓದಿದ್ದು ಅಲ್ಲಿ ಕಾಡಿನಂಚಿನಲ್ಲಿ ನಡೆಯುತ್ತದೆ!

ನಿನ್ನ
ಫಹ್ಮೀದಾ

*

ಹೆಗ್ಗಡದೇವನಕೋಟೆ
14 ಮಾರ್ಚ್ 1974

ಫಹ್ಮೀ,

ನೀನು ಹೇಳಿದಂತೆಯೇ ಮಾಡಿದೆ. ಪೇಟೆಗೆ ಹೋಗಿ ಕೆಂಪಂಚಿನ ಹಸಿರು ಸೀರೆ ತಂದು, ಎಲ್ಲರೆದುರು ಮುತ್ತಿಗೆ ಕೊಟ್ಟೆ. ಎಲ್ಲರೂ ನೋಡಿದರು. ಮುತ್ತಿ ತಲೆ ತಗ್ಗಿಸಿ ತೆಗೆದುಕೊಂಡಳು. ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಜಾಸ್ತಿ.

ಕೆಲಸವಿದೆ, ಉಳಿದದ್ದು ಆಮೇಲೆ.

ನೀಲಾ

*

ಬೊಂಬಾಯಿ
24 ಮಾರ್ಚ್ 1974

ನೀಲಾ, ನೀಲಾ!

ತಲೆ ತಗ್ಗಿಸಿ ತೆಗೆದುಕೊಂಡಳು ಎಂದು ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹೆಸರು ಹಿಡಿದು ಹೊಗಳಿರಲಿಕ್ಕಿಲ್ಲ. ಅದಕ್ಕೇ ನಾಚಿದ್ದಾಳೆ. ನಿನ್ನ ಮುತ್ತಿ ಈಗ ನಮ್ಮ ತರಗತಿಯಲ್ಲಿ ಪ್ರಸಿದ್ಧೆ. ಅವಳ ಸೀರೆಯ ಪ್ರಸಂಗ ಪ್ರಬಂಧದಲ್ಲಿ ಎರಡು ಪುಟ ಹಿಡಿದಿದೆ. ನಮ್ಮ ಪ್ರೊಫೆಸರು ಓದಿ, ಪುಸ್ತಕದಲ್ಲಿ ಬರೆದಂತೆಯೇ ಇದೆಯಲ್ಲ ಎಂದರು.

ಇನ್ನೆರಡು ವಾದ ಕೇಳು. ಒಂದು, ಇಬ್ಬರು ಯಜಮಾನರ ವಾದ. ಒಬ್ಬ ಯಜಮಾನ, ಮನುಷ್ಯ ಹುಟ್ಟು ಸೋಮಾರಿ, ಬೆನ್ನ ಹಿಂದೆ ಕೋಲಿರಬೇಕು ಎಂದು ನಂಬುತ್ತಾನೆ. ಇನ್ನೊಬ್ಬ, ಆಟವಾಡುವಷ್ಟೇ ಸಹಜವಾಗಿ ಮನುಷ್ಯ ದುಡಿಯುತ್ತಾನೆ ಎಂದು ನಂಬುತ್ತಾನೆ. ಇಬ್ಬರಿಗೂ ಅವರವರು ನಂಬಿದಂಥ ಕೆಲಸಗಾರರೇ ಸಿಗುತ್ತಾರಂತೆ! ಇನ್ನೊಂದು ನಿರೀಕ್ಷೆಯ ವಾದ. ಕಷ್ಟಪಟ್ಟರೆ ಕೆಲಸ ಚೆನ್ನಾಗಿ ಆದೀತು, ಹಾಗೆ ಆದರೆ ಫಲ ಸಿಕ್ಕೀತು, ಆ ಫಲ ತನಗೆ ಬೇಕಾದದ್ದೇ ಆಗಿರುತ್ತದೆ ಎಂಬ ಮೂರೂ ನಂಬಿಕೆ ಕೂಡಬೇಕು. ಒಂದು ತಪ್ಪಿದರೂ ಕೈ ಏಳುವುದಿಲ್ಲ. ನೀನು ಗೋಡೆಯ ಮೇಲೆ ಒಬ್ಬೊಬ್ಬರ ಹೆಸರು ಬರೆದು, ಯಾರು ಎಷ್ಟು ಮಾಡಿದರೆ ಏನು ಸಿಗುತ್ತದೆ ಎಂದು ಗೊತ್ತುಮಾಡು.

ಎಷ್ಟು ಚಂದ್ರಂಕಿ ಆದವು? ಬರೆಯಲೇ ಇಲ್ಲ ನೀನು.

ನಿನ್ನ
ಫಹ್ಮೀದಾ

*

ಬೊಂಬಾಯಿ
12 ಏಪ್ರಿಲ್ 1974

ನೀಲಾ,

ಯಾಕೆ ಕಾಗದವಿಲ್ಲ? ಹುಷಾರಾಗಿದ್ದೀಯಾ?

ಹುಣಸೂರಿನಿಂದ ಅಮ್ಮಿ ಬರೆಸಿದ ಕಾಗದ ಇವತ್ತು ಬಂತು. ಅಬ್ಬಾ ಗಾಡಿ ಗಾಲಿಯ ಮರ ನೋಡಲು ಹೆಗ್ಗಡದೇವನಕೋಟೆ ಕಡೆ ಹೋದವರು, ನಮ್ಮ ಫಹ್ಮೀದಾಳ ಗೆಳತಿಯನ್ನು ಮಾತಾಡಿಸಿಕೊಂಡು ಬರೋಣ ಎಂದು ನಿನ್ನ ಕೇಂದ್ರಕ್ಕೆ ಬಂದಿದ್ದರಂತೆ. ಶೆಡ್ಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ನೀನೊಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದೆಯಂತೆ. "ಊಟ ಮಾಡಿದೆಯಾ ಬೇಟಿ?" ಎಂದು ಕೇಳಿದ್ದಕ್ಕೆ ಹೂಂ ಅಂದೆಯಂತೆ. ಆದರೆ ಒಲೆ ಹಚ್ಚಿದ ಹಾಗೆ ಕಾಣಲಿಲ್ಲ ಎಂದು ಅಬ್ಬಾ ಹೇಳಿದರಂತೆ.

ಏನು ನಡೆಯುತ್ತಿದೆ ಅಲ್ಲಿ? ನಿಜ ಹೇಳು.

ಫಹ್ಮೀದಾ

*

ಹೆಗ್ಗಡದೇವನಕೋಟೆ
20 ಏಪ್ರಿಲ್ 1974

ಫಹ್ಮೀದಾ,

ನಿಜ ಬೇಕೇ? ತಗೋ.

ಸೀರೆ ಕೊಟ್ಟ ಮಾರನೇ ದಿನ ಮುತ್ತಿ ಬರಲಿಲ್ಲ. ಅದರ ಮಾರನೇ ದಿನ ಬಂದವರನ್ನು ನೋಡಿದೆ. ಒಬ್ಬಳ ತಲೆಯ ಮೇಲೆ ಹಸಿರು ಬಟ್ಟೆ. ಇನ್ನೊಬ್ಬಳ ಸೊಂಟದಲ್ಲಿ ಮಗುವನ್ನು ಕಟ್ಟಿಕೊಂಡ ಹಸಿರು ಬಟ್ಟೆ. ಕುಡುಕ ಜವರನ ಹೆಗಲ ಮೇಲೆ ಕೆಂಪಂಚು. ಆ ಹೊಸ ಸೀರೆಯನ್ನು ಹರಿದು ಹಾಡಿಯ ಮನೆಮನೆಗೂ ಒಂದೊಂದು ತುಂಡು ಹಂಚಿದ್ದಾಳೆ ಮಹಾರಾಯಿತಿ! ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕೊಟ್ಟದ್ದನ್ನು ಹರಿದುಹಾಕುವಷ್ಟು ನಾನು ಅವರಿಗೆ ಕಸವಾದೆನೇ ಎಂದುಕೊಂಡೆ. ನಿನಗೆ ಬರೆಯಲು ನಾಚಿಕೆಯಾಗಿ ಆ ಸುಳ್ಳು ಕಾಗದ ಬರೆದೆ. ನೀನು ಅದನ್ನೇ ಪ್ರಬಂಧಕ್ಕೆ ಸೇರಿಸಿದ್ದೀ!

ಗೋಡೆಯ ಮೇಲೆ ಹೆಸರು ಬರೆದೆ. ಯಾರಿಗೂ ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ. ಮುಂದಿದ್ದವರು ನಾಚಿದರು, ಹಿಂದಿದ್ದವರು ನಕ್ಕರು. ಮಾರನೇ ದಿನ ಮುಂದಿದ್ದವರು ತಾವು ಮಾಡಿದ್ದನ್ನು ಹಿಂದಿದ್ದವರ ರಾಶಿಗೆ ಹಾಕಿ ಎಲ್ಲರದ್ದೂ ಸಮ ಮಾಡಿಬಿಟ್ಟಿದ್ದರು. ಆಮೇಲೆ ನಿನ್ನ ಕೋಲಿನ ಯಜಮಾನನನ್ನೂ ಮೈಮೇಲೆ ಬರಿಸಿಕೊಂಡೆ. ಬೈದೆ. ಹೊತ್ತಿಗೆ ಬರದವರ ಹೆಸರು ಹೊಡೆದುಹಾಕುತ್ತೇನೆ ಎಂದೆ. "ಒಡ್ಕಳಿ ಅಮ್ಮಾವ್ರೆ, ಎಸ್ರು ನಮ್ಮತ್ರ ಇನ್ನೂ ಅವೆ" ಅಂದ ಪುಟ್ಟ ಅಂತ ಒಬ್ಬ. ಎಲ್ಲರೂ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಕಾಡಿನಲ್ಲಿ ಜೇನು ಕಟ್ಟಿತು. ಅಂದಿನಿಂದ ಶೆಡ್ಡಿಗೆ ಒಬ್ಬರೂ ಬಂದಿಲ್ಲ.

ಆಗಿರುವುದು ಅರ್ಧವೂ ಇಲ್ಲ. ನಾಳೆ ನಾಡಿದ್ದರಲ್ಲಿ ನಾನೇ ಹಾಡಿಗೆ ಹೋಗಿ ಕೊನೆಯ ಮಾತು ಹೇಳಿ ಬರುತ್ತೇನೆ. ಟ್ರಂಕು ಮಂಚದ ಕೆಳಗಿಂದ ತೆಗೆದು ಒರೆಸಿ ಇಟ್ಟಿದ್ದೇನೆ. ಅಣ್ಣನಿಗೆ ಕಾಗದ ಬರೆಯಲು ಮಾತ್ರ ಕೈ ಬರುತ್ತಿಲ್ಲ.

ದಯವಿಟ್ಟು ಇನ್ನೊಂದು ವಾದ ಕಳಿಸಬೇಡ.

ನೀಲಾಂಬಿಕೆ

*

ಬೊಂಬಾಯಿ
27 ಏಪ್ರಿಲ್ 1974

ನೀಲಾ,

ವಾದ ಕಳಿಸುವುದಿಲ್ಲ. ಆ ಎರಡು ಪುಟಗಳನ್ನು ಪ್ರಬಂಧದಿಂದ ತೆಗೆದೆ. ಪ್ರೊಫೆಸರು ಯಾಕೆ ಎಂದರು, ನಡೆದದ್ದು ಹಾಗಲ್ಲ ಎಂದೆ.

ಆದರೆ ಹರಿದ ಸೀರೆ ನನ್ನ ಕಣ್ಣಿಂದ ಹೋಗುತ್ತಿಲ್ಲ. ನಿನಗೆ ಅದು ಅವಮಾನದಂತೆ ಕಂಡಿತು. ನನಗೇಕೋ ಹಾಗನ್ನಿಸುತ್ತಿಲ್ಲ. ತಕ್ಕಡಿಯ ವಾದ ಅಂತ ಒಂದಿದೆ (ಬೈಯಬೇಡ, ಇದು ಉಪಾಯವಲ್ಲ). ಮನುಷ್ಯ ತನಗೆ ಸಿಕ್ಕದ್ದನ್ನು ಪಕ್ಕದವನಿಗೆ ಸಿಕ್ಕದ್ದರ ಜೊತೆ ತೂಗಿ ನೋಡುತ್ತಾನಂತೆ. ಕಡಿಮೆ ಸಿಕ್ಕರೆ ಸಿಟ್ಟು ಬರುತ್ತದೆ. ಹೆಚ್ಚು ಸಿಕ್ಕರೂ ಒಳಗೊಳಗೇ ಕಸಿವಿಸಿಯಾಗುತ್ತದೆ, ಹೇಗಾದರೂ ಮಾಡಿ ಸಮ ಮಾಡಿಕೊಳ್ಳುತ್ತಾನೆ. ಹೆಚ್ಚು ಸಿಕ್ಕವರಿಗೂ ಕಸಿವಿಸಿಯೇ? ಇದ್ಯಾಕೋ ಅತಿಯಾಯಿತು ಎಂದು ಓದುವಾಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಒಂದು ಇಡೀ ಹೊಸ ಸೀರೆ ನೀಲಾ! ನನಗೆ ಸಿಕ್ಕಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಹಾಡಿಗೆ ಹೋದಾಗ ಬೈಯಬೇಡ. ಅಷ್ಟು ಮಾತ್ರ ಕೇಳುತ್ತೇನೆ.

ಫಹ್ಮೀದಾ

*

ಹೆಗ್ಗಡದೇವನಕೋಟೆ
6 ಮೇ 1974

ಫಹ್ಮೀ,

ಬೈಯಲೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಹಾಡಿಯಲ್ಲಿ ಒಬ್ಬ ಮುದುಕಿ ಬಿಟ್ಟರೆ ಯಾರೂ ಕಾಣಲಿಲ್ಲ. ಅವಳು ಕಾಡಿನ ಕಡೆ ಕೈ ತೋರಿಸಿದಳು. ಹೋದೆ.

ಅಲ್ಲೊಂದು ಮತ್ತಿ ಮರ. ತಲೆಯೆತ್ತಿ ನೋಡಿದರೆ ಸೆರಗು ಬಿದ್ದುಹೋಗುವಷ್ಟು ಎತ್ತರ. ಮೇಲಿನ ಕೊಂಬೆಗೆ ಹೆಜ್ಜೇನಿನ ಹುಟ್ಟುಗಳು ಕಪ್ಪಗೆ ನೇತಾಡುತ್ತಿದ್ದವು. ಬಿಸಿಲು ಇಳಿಯುತ್ತಿತ್ತು. ಹಾಡಿಯ ಈರ ಬೊಡ್ಡೆಗೆ ಬಿದಿರಿನ ಗೂಟ ಹೊಡೆದುಕೊಂಡು, ಹೊಡೆದದ್ದರ ಮೇಲೆ ಕಾಲಿಟ್ಟು ಹತ್ತುತ್ತಿದ್ದ. ಸೊಂಟದಲ್ಲಿ ಹೊಗೆಯಾಡುವ ಸೊಪ್ಪಿನ ಕಟ್ಟು. ಕೆಳಗೆ ಇಡೀ ಹಾಡಿ ಉಸಿರು ಬಿಗಿಹಿಡಿದು ನಿಂತಿತ್ತು. ನಮ್ಮ ಶೆಡ್ಡಿನಲ್ಲಿ ಒಂದು ಗಳಿಗೆ ಬಾಯಿ ಮುಚ್ಚದ ಜನ! ಮೇಲೆ ಹೋಗಿ ಈರ ಹಾಡತೊಡಗಿದ. ಹುಳಗಳಿಗೆ ಹಾಡುತ್ತಿದ್ದ ಫಹ್ಮೀ. ಅಕ್ಕಂದಿರಾ, ತಂಗಿಯರಾ, ಒಸಿ ಸರ್ಕೊಳಿ, ನಿಮ್ಮ ಮಕ್ಕಳಿಗೂ ಬುಟ್ಟಿರ್ತೀನಿ ಅಂತ. ಹುಳಗಳು ಮೋಡದ ಹಾಗೆ ಎದ್ದವು. ಆ ಮೋಡದ ನಡುವಿನಿಂದ ಅವನ ಹಾಡು ಬರುತ್ತಲೇ ಇತ್ತು. ನಾನು ಕೈ ಮುಗಿದುಕೊಂಡು ನಿಂತಿದ್ದೆ. ಯಾರಿಗೆ ಮುಗಿದೆನೋ ತಿಳಿಯದು.

ಜೇನು ಇಳಿಯಿತು. ಕೆಂಚಜ್ಜಿ ಮುತ್ತುಗದ ಎಲೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದಳು. ಒಲೆಗೊಂದು ಎಲೆ, ಅದು ಅವರ ಕ್ರಮವಂತೆ. ಮರ ಹತ್ತಿದವನಿಗೂ ಒಂದೇ ಎಲೆ. ಕುಡಿದು ಗುಡಿಸಲೊಳಗೆ ಬಿದ್ದುಕೊಂಡಿದ್ದ ಜವರನಿಗೂ ಒಂದು. ಅವನಿಗೆ ಯಾಕೆ ಎಂದು ಪುಟ್ಟ ಜಗಳ ತೆಗೆದ. ಅವನ ಒಲೆ ಕುಡಿದಿಲ್ಲವಲ್ಲ ಎಂದು ಮುತ್ತಿ ಬಾಯಿ ಮುಚ್ಚಿಸಿದಳು. ಹಂಚಿ ಮುಗಿದ ಮೇಲೆ ಒಂದು ಎಲೆ ಉಳಿಯಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಇದು ಯಾರದ್ದು?" ಎಂದೆ.

"ನಿಂದೇಯ" ಅಂದಳು ಕೆಂಚಜ್ಜಿ. "ನೀನು ಬಂದು ಒಲೆ ಊಡಿದ ವರ್ಸದಿಂದ ತೆಗೀತಾನೇ ಇವ್ನಿ. ನೀನು ಬರ್ನಿಲ್ಲ. ಐಕ್ಳು ನೆಕ್ಕೊಂಡೋ."

ಫಹ್ಮೀ, ನಾನು ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಎಲ್ಲಿ ಹೋಯಿತೋ! ನಾನು ಮೂರು ವರ್ಷದಿಂದ ಅವರ ಹಾಜರಿ ಹಾಕುತ್ತಿದ್ದೇನೆ. ಆ ಮೂರು ವರ್ಷವೂ ಇಲ್ಲಿ ಕಾಡಿನಲ್ಲಿ ನನ್ನ ಪಾಲಿನ ಎಲೆ ಹಾಸಿದ್ದರು. ನಾನು ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತೆ. ಆ ಒಲೆ ಇನ್ನು ಇರುವುದಿಲ್ಲ ಕೆಂಚಜ್ಜಿ, ತಡಿಕೆ ಆಗದಿದ್ದರೆ ಶೆಡ್ಡು ಮುಚ್ಚುತ್ತಾರೆ, ನಾನು ಅಣ್ಣನ ಮನೆಗೆ ಹೋಗಬೇಕು, ನನಗೆ ಹೋಗಲು ಇಷ್ಟವಿಲ್ಲ ಎಂದು ಹುಡುಗಿಯ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ.

ಕೆಂಚಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಸೀರೆ ಕೊಟ್ಟೆ. ಗ್ವಾಡೆ ಮ್ಯಾಲೆ ಗೀಚ್ದೆ. ಬಾಯಿಗೆ ಬಂದಂಗೆ ಬೋದೆ. ಒಲೆ ಆರೋಯ್ತದೆ ಅಂತ ಒಂದ್ ಮಾತು ಅನ್ನಕ್ಕೆ ಏನಾಗಿತ್ತು ನಿಂಗೆ?"

"ನಾನೊಬ್ಳೇ ಆ ಸೀರೆ ಉಟ್ಕಂಡು ಎಂಗವ್ವ ಓಡಾಡ್ಲಿ, ನಾಚ್ಕೆ ಆಗಾಕಿಲ್ವಾ?" ಎಂದು ಮುತ್ತಿಯೂ ತನ್ನದೊಂದು ಸೇರಿಸಿದಳು.

ಮಾರನೇ ದಿನ ಬಾಗಿಲು ತೆಗೆಯುವ ಮೊದಲೇ ಶೆಡ್ಡಿನ ಮುಂದೆ ಗದ್ದಲ. ಕೆಲಸಕ್ಕೆ ಹೆಸರು ಹಚ್ಚಿದವರಷ್ಟೇ ಅಲ್ಲ, ಇಡೀ ಹಾಡಿ ಬಂದಿತ್ತು. ಮುದುಕರು ಬಿದಿರು ಸೀಳುತ್ತಿದ್ದಾರೆ, ಚಿಕ್ಕಿ ಅನ್ನುವ ಬಸುರಿ ಕೂತಲ್ಲೇ ಪಟ್ಟಿ ಹೆರೆಯುತ್ತಿದ್ದಾಳೆ, ಜವರ ಕುಡಿಯದೆ ಬಂದಿದ್ದಾನೆ. ನಾನೂ ಕೂತಿದ್ದೇನೆ. ಮೇಲ್ವಿಚಾರಣೆ ಮಾಡಲು ಏನೂ ಇಲ್ಲ. ನನ್ನ ಕೈಗೆ ಕತ್ತಿ ಕೊಟ್ಟು, ನೋಡ್ಕಂಡು ಸೀಳು ಅಂದಿದ್ದಾರೆ. ಬೆರಳೆಲ್ಲ ಗಾಯ.

ಇದು ಎಷ್ಟನೇ ಮೆಟ್ಟಿಲು ಫಹ್ಮೀ? ಕೆಣಕಲು ಕೇಳುತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ನೀಲಾ

*

ಬೊಂಬಾಯಿ
23 ಮೇ 1974

ನೀಲಾ,

ರೈಲು ಮುಷ್ಕರದಿಂದಾಗಿ ನಿನ್ನ ಕಾಗದ ಎಲ್ಲೆಲ್ಲೋ ಕೊಳೆತು ನಿನ್ನೆ ಬಂತು. ಇಲ್ಲಿ ಈಗ ಬೇರೆಯೇ ನೋಟ. ಇಡೀ ದೇಶದ ರೈಲುಗಳನ್ನು ಓಡಿಸುವ ಜನ ಕೈ ಕಟ್ಟಿ ಕೂತಿದ್ದಾರೆ. ಕೂಲಿ ಇಲ್ಲ, ಎಷ್ಟೋ ಜನ ಜೈಲಿನಲ್ಲಿದ್ದಾರೆ, ಮನೆಯಲ್ಲಿ ಹಿಟ್ಟಿಲ್ಲ, ಆದರೂ ಕೂತಿದ್ದಾರೆ. ನಮ್ಮ ಬೀದಿಯಲ್ಲಿ ಅಂಥವರ ಮನೆಗಳಿಗೆ ಪಕ್ಕದವರು ರೊಟ್ಟಿ ಕಳಿಸುತ್ತಾರೆ. ಮಾಮಿಯೂ ಕಳಿಸುತ್ತಾರೆ. ಗಿರಣಿಯ ಗೇಟಿನ ಮುಂದೆ ನನಗೆ ಆದ ಬೆರಗು ಇವರನ್ನು ಕಂಡು ಇನ್ನೂ ಹೆಚ್ಚಾಯಿತು.

ಎಷ್ಟನೇ ಮೆಟ್ಟಿಲು ಎಂದು ಕೇಳಿದೆ. ಮೂರನೆಯದು ಎನ್ನಬಹುದು, ಒಡನಾಟದ್ದು. ಆದರೆ ಮೊದಲನೆಯದು ತುಂಬಿದ ಮೇಲೆ ತಾನೆ ಮೂರನೆಯದು? ನಿನ್ನ ಹಾಡಿಯಲ್ಲಿ ಹೊಟ್ಟೆ ತುಂಬಿದವರು ಯಾರಿದ್ದಾರೆ? ತಕ್ಕಡಿಯ ವಾದ ಸೀರೆಗೆ ಒಪ್ಪುತ್ತದೆ, ಚಂದ್ರಂಕಿಗೆ ಒಪ್ಪುವುದಿಲ್ಲ. ನಿರೀಕ್ಷೆಯ ವಾದದಲ್ಲಿ ಫಲ ಮಾಡಿದವನಿಗೇ ಸಿಗಬೇಕು. ಇಲ್ಲಿ ಅದು ನಿನಗೆ. ಎಲ್ಲ ವಾದಗಳೂ ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ನಿನಗೇನು ಬೇಕಪ್ಪಾ ಎಂದು ಕೇಳುತ್ತವೆ. ಪ್ರಬಂಧದಲ್ಲಿ ಹೀಗೆಂದು ಬರೆದು, ಮುಂದೆ ನನಗೆ ತಿಳಿಯದು ಎಂದು ಬರೆದಿದ್ದೇನೆ. ಅಂಕ ಕಡಿಮೆ ಬಂದರೂ ಬರಲಿ.

ಮೇ ಮುಗಿಯುತ್ತಾ ಬಂತು. ನಮಾಜಿಗೆ ಕೂತಾಗ ದಿನವೂ ನಿನ್ನ ಒಲೆಗೆಂದು ದುವಾ ಕೇಳುತ್ತೇನೆ. ಐನೂರೂ ಆದವೇ?

ನಿನ್ನ
ಫಹ್ಮೀ

*

ಹೆಗ್ಗಡದೇವನಕೋಟೆ
4 ಜೂನ್ 1974

ನನ್ನ ಫಹ್ಮೀ,

ಆದವು. ಶೆಡ್ಡಿನ ಗೋಡೆಗೆ ಒರಗಿಸಿ ಸಾಲದೆ, ಅಂಗಳದ ಬೇಲಿಯುದ್ದಕ್ಕೂ ನಿಲ್ಲಿಸಿದ್ದೆವು. ಐನೂರು ಸುರುಳಿಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಪುಟ್ಟಸ್ವಾಮಿ ಸಾಹೇಬರು ಜೀಪಿನಿಂದ ಇಳಿದವರು ಟೋಪಿ ತೆಗೆದು ಹಾಗೇ ನಿಂತುಬಿಟ್ಟರು. "ಏನಮ್ಮಾ ಇದು?" ಅಂದರು.

ಇನ್ನೇನು ಗೆದ್ದೆವು ಅಂದುಕೊಂಡೆ. ಸಾಹೇಬರು ಕೂಲಿಗಳ ಹಾಜರಿಯ ಮಸ್ಟರ್ ರೋಲು ತೆಗೆಸಿ, ಎಲ್ಲರ ಹೆಬ್ಬೆಟ್ಟು ಹಾಕಿಸಿ, ಕೂಲಿ ಕೊಟ್ಟುಬಿಡೋಣ ಎಂದರು. ಕೆಂಚಜ್ಜಿ ಒಲ್ಲೆ ಅಂದಳು.

"ಇದು ಕೂಲಿ ಅಲ್ಲ ಸ್ವಾಮಿ. ಈ ಅವ್ವನ ಒಲೆಗೆ ಮಾಡಿದ್ದು."

ಸಾಹೇಬರು ಮೊದಲು ನಕ್ಕರು. ಆಮೇಲೆ ಬೆವೆತರು. ಹೆಬ್ಬೆಟ್ಟಿನ ಗುರುತು ಇಲ್ಲದೆ ಬಿಲ್ಲು ಆಗುವುದಿಲ್ಲ. ಬಿಲ್ಲು ಆಗದಿದ್ದರೆ ಕೇಂದ್ರದಲ್ಲಿ ಯಾರೂ ಕೆಲಸವನ್ನೇ ಮಾಡಿಲ್ಲ ಎಂದು ಕಾಗದದಲ್ಲಿ ಬರುತ್ತದೆ. ಕೆಲಸ ಮಾಡದ ಕೇಂದ್ರವನ್ನು ಮುಚ್ಚಲೇಬೇಕು. "ಎದುರಿಗೆ ಐನೂರು ನಿಂತಿವೆ, ಯಾರೂ ಮಾಡಿಲ್ಲ ಅಂತ ಹೇಗಮ್ಮಾ ಬರೆಯಲಿ?" ಎಂದು ನನ್ನನ್ನೇ ಕೇಳಿದರು.

ಹಾಡಿಯೊಳಗೇ ಜಗಳ ಹತ್ತಿತು. "ಕೊಟ್ರೆ ಈಸ್ಕಳಾಣ, ಮಳೆ ಬತ್ತಾ ಅದೆ, ಸೂರಿಗೆ ಉಲ್ಲಿಲ್ಲ" ಎಂದು ಪುಟ್ಟ ಗಂಟಲು ಹರಿದುಕೊಂಡ. ತಪ್ಪೇನಿಲ್ಲ ಅವನದ್ದು. "ಒಲೆಗೆ ಮಾಡಿದ್ಕೆ ಕಾಸು ಈಸ್ಕಂಡ್ರೆ ನಾಳೆ ನಿನ್ ಒಲೆಗೆ ಯಾರ್ಲಾ ಬತ್ತಾರೆ?" ಎಂದು ಕೆಂಚಜ್ಜಿ ಗದರಿದಳು. ನಾನು ಅವಳ ಕೈ ಹಿಡಿದುಕೊಂಡೆ. ನೀವು ಕೂಲಿ ತೆಗೆದುಕೊಳ್ಳದಿದ್ದರೆ ನನ್ನ ಒಲೆ ಆರುತ್ತದೆ ಕೆಂಚಜ್ಜಿ, ಸರ್ಕಾರದ ಕ್ರಮ ಅದು ಎಂದೆ. ಅವಳು ನನ್ನನ್ನೂ ಸಾಹೇಬರನ್ನೂ ಮತ್ತೆ ಮತ್ತೆ ನೋಡಿದಳು. "ಇದ್ಯಾವ ಸೀಮೆ ಸರ್ಕಾರನವ್ವ? ನಾವು ಈಸ್ಕಂಡ್ರೆ ನಿಂಗೆ ಉಳೀತದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕಂಡು ಸಾಹೇಬರೂ ನಕ್ಕರು.

ಎಲ್ಲರೂ ಬೇಲಿಯಾಚೆ ಹೋಗಿ ಕೂತು ಮಾತಾಡಿಕೊಂಡು ಬಂದರು. ತೀರ್ಮಾನ ಇಷ್ಟು: ಬಂದದ್ದನ್ನು ಜೇನಿನ ಹಾಗೆ ಹಂಚುವುದು, ಕೆಲಸಕ್ಕೆ ಬಂದ ಒಲೆಗೂ ಬರದ ಒಲೆಗೂ ಸಮ. ಹೆಬ್ಬೆಟ್ಟು ಹಾಕುವುದಾದರೆ ಒಲೆಗೊಂದು. ನನ್ನದೂ ಇರಬೇಕು. ನನ್ನದಿಲ್ಲದಿದ್ದರೆ ಯಾರದ್ದೂ ಇಲ್ಲ.

ಮೇಲ್ವಿಚಾರಕಿಯರು ಕೂಲಿಗಳ ಸಾಲಿನಲ್ಲಿ ಗುರುತು ಹಾಕುವ ಕ್ರಮವಿಲ್ಲ, ನನ್ನದು ಸಂಬಳದ ಕೆಲಸ ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ನನಗೂ ಹೇಳುತ್ತಾ ಹೇಳುತ್ತಾ ಅರ್ಥವಾಗದೆ ಹೋಯಿತು. ನಾನೂ ಅವರ ನಡುವೆ ಕೂತು ಬಿದಿರು ಸೀಳಿದವಳೇ ತಾನೆ? ಸಾಹೇಬರ ಮುಖ ನೋಡಿದೆ. ಅವರು ನಿಧಾನವಾಗಿ ಎದ್ದರು. "ನಾನು ಆ ಕಡೆ ಚಂದ್ರಂಕಿ ನೋಡ್ಕೊಂಡು ಬರ್ತೀನಮ್ಮಾ" ಎಂದು ಹೇಳಿ ಬೇಲಿಯುದ್ದಕ್ಕೂ ಒಂದೊಂದನ್ನೇ ಮುಟ್ಟಿ ನೋಡುತ್ತಾ ಹೋದರು. ತಿರುಗಿ ನೋಡಲಿಲ್ಲ.

ಒಬ್ಬೊಬ್ಬರಾಗಿ ಬಂದು ಒತ್ತಿದರು. ಮುತ್ತಿ ಒತ್ತಿದಳು, ಈರ ಒತ್ತಿದ, ಹಾಡಿಯಲ್ಲೇ ಉಳಿದಿದ್ದ ಆ ಮುದುಕಿಯನ್ನೂ ಹೊತ್ತು ತಂದರು. ಪುಟ್ಟ ಎಲ್ಲರಿಗಿಂತ ಗಟ್ಟಿಯಾಗಿ ಒತ್ತಿದ. ಕೊನೆಗೆ ನಾನು. ಪೆನ್ನು ಕೈಯಲ್ಲೇ ಇತ್ತು. ಕೆಳಗಿಟ್ಟು ಶಾಯಿಗೆ ಹೆಬ್ಬೆರಳು ಅದ್ದಿ ಒತ್ತಿದೆ. ಬಿದಿರು ಕೊಯ್ದ ಗಾಯದ ಗೆರೆ ಗುರುತಿನ ನಡುವೆ ಬೆಳ್ಳಗೆ ಮೂಡಿತು. ಎಲ್ಲರ ಗುರುತಿನಲ್ಲೂ ಅಂಥ ಗೆರೆಗಳಿದ್ದವು. ಯಾರದ್ದು ಯಾರದ್ದೆಂದು ನನಗೇ ತಿಳಿಯಲಿಲ್ಲ.

ಕೇಂದ್ರ ಮುಂದುವರಿಯುತ್ತದೆ. ನನ್ನ ಟ್ರಂಕು ಮತ್ತೆ ಮಂಚದ ಕೆಳಗೆ ಹೋಗಿದೆ.

ಕೆಂಚಜ್ಜಿ ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. ಶಾಯಿಯನ್ನು ತನ್ನ ಸೆರಗಿನಿಂದಲೇ ಒರೆಸಿದಳು.

"ಓದಿದೋಳು ಅಂತ ಇನ್ ಯಾರೂ ಅನ್ನಾಕಿಲ್ಲ ಬುಡು ನೀಲವ್ವ" ಅಂದಳು.

ನಿನ್ನ
ನೀಲಾ